ನಾನಿರುವ ಐಬಿಎಂ ಬೇರೆ

ಊರಿಗೆ ಹೋದಾಗಲೆಲ್ಲ ಮದುವೆ ಮನೆಯಲ್ಲಿ ಇದೇ ಮಾತು.

"ಎಲ್ಲಿ ಕೆಲ್ಸ ಮಾಡ್ತೀಯಪ್ಪಾ?"

"ಐಬಿಎಂ, ಕಾಕಾ."

"ಭಲೇ! ಬೆಂಗಳೂರಾ, ಅಮೆರಿಕಾನಾ?"

"ನಾಗಪುರ. ಸಿವಿಲ್ ಲೈನ್ಸ್."

ಕಾಕಾನ ಮುಖ ಸಣ್ಣಗಾಗುತ್ತದೆ. ನಾನಿರುವ ಐಬಿಎಂ ಕಂಪ್ಯೂಟರಿನದಲ್ಲ, ಇಂಡಿಯನ್ ಬ್ಯೂರೋ ಆಫ್ ಮೈನ್ಸ್. 1948ರಲ್ಲಿ ಹುಟ್ಟಿದ ಕೇಂದ್ರ ಸರ್ಕಾರದ ಸಂಸ್ಥೆ. ವಿಧಾನಭವನ, ಹೈಕೋರ್ಟ್ ಪೀಠ ಇರುವ ಈ ಸಿವಿಲ್ ಲೈನ್ಸ್‌ನಲ್ಲೇ ಅದರ ಪ್ರಧಾನ ಕಚೇರಿ. ಕಬ್ಬಿಣ, ಮ್ಯಾಂಗನೀಸ್, ಸುಣ್ಣಕಲ್ಲಿನಂಥ ಖನಿಜಗಳ ಗಣಿ ಯೋಜನೆ ಪರಿಶೀಲಿಸುವುದು, ಅದಿರಿನ ಲೆಕ್ಕ ಇಡುವುದು ಇಲ್ಲಿಯ ಕೆಲಸ.

ಈಗ ಹೊಸಪೇಟೆಯ ಸೋದರಮಾವನ ಮಗ ಭೂವಿಜ್ಞಾನ ಓದ್ತೀನಿ ಅಂತ ಹಟ ಹಿಡಿದಿದ್ದಾನೆ. "ನೀನು ಹೇಳಿದ್ರೆ ಕೇಳ್ತಾನೆ, ಕಂಪ್ಯೂಟರ್ ಸೈನ್ಸ್ ತಗೋ ಅನ್ನು" ಎಂದು ಅಮ್ಮನ ಫೋನು. ನಾನು ಹೇಳುವುದಿಲ್ಲ. ಯಾಕೆ ಅನ್ನೋದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ತಂತ್ರಜ್ಞಾನ ಅಂದರೆ ಸಾಫ್ಟ್‌ವೇರ್ ಮಾತ್ರ ಅಂತ ನಮಗೆ ಹೇಳಿಕೊಟ್ಟವರು ಯಾರು? 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಹರಿದದ್ದು ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿಗೆ ಆ ಬೆಳಕು ಬರಲು 1905 ಆಗಬೇಕಾಯಿತು. ನಾವದನ್ನು ಮರೆತೆವು.

ಮರೆತದ್ದರ ಫಲ ಬಳ್ಳಾರಿಯಲ್ಲಿ ಕಂಡೆವು. 2000ದ ದಶಕದಲ್ಲಿ ಗುಡ್ಡಗಳು ಲಾರಿ ಹತ್ತಿ ಬಂದರಿಗೆ ಹೋದವು, ಜಾಣ ಹುಡುಗರು ಬಸ್ಸು ಹತ್ತಿ ಬೆಂಗಳೂರಿಗೆ ಹೋದರು. 2011ರ ಜುಲೈನಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಬಂತು. ಅದೇ ತಿಂಗಳು ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. ಗುತ್ತಿಗೆಗಳ ಗಡಿ ಅಳೆಸಿ, ಗಣಿಗಳನ್ನು ಎ, ಬಿ, ಸಿ ಎಂದು ವಿಂಗಡಿಸಿ, 2013ರಲ್ಲಿ ಸಿ ವರ್ಗದವನ್ನು ರದ್ದು ಮಾಡಿತು. ಇದು ಭಾಷಣದಿಂದ ಆದದ್ದಲ್ಲ ಸ್ವಾಮಿ, ಅಳತೆಯಿಂದ ಆದದ್ದು. ಅಳೆಯೋಕೆ ಬರುವವರು ಬೇಕಲ್ಲ?

ಕಂಪ್ಯೂಟರ್ ನಮ್ಮಲ್ಲೂ ಇದೆ. 2016ರಲ್ಲಿ ಶುರುವಾದ ವ್ಯವಸ್ಥೆಯೊಂದು ಗುತ್ತಿಗೆ ಗಡಿಯಾಚೆ 500 ಮೀಟರ್‌ವರೆಗೆ ಉಪಗ್ರಹ ಚಿತ್ರ ನೋಡಿ, ಅನುಮಾನ ಬಂದ ಜಾಗವನ್ನು ರಾಜ್ಯದ ಅಧಿಕಾರಿಗಳಿಗೆ ತಿಳಿಸುತ್ತದೆ. ಅವರು ಅಲ್ಲಿಗೆ ಹೋಗಿ ಕಣ್ಣಾರೆ ನೋಡಬೇಕು. ಅವರು ಹೋಗದಿದ್ದರೆ ಉಪಗ್ರಹ ಏನು ಮಾಡೀತು? ಅಲ್ಲಿಂದಾಚೆಗೆ ಬೇಕಾದದ್ದು ಕಲ್ಲು ಬಲ್ಲ, ಲೆಕ್ಕ ಬಲ್ಲ, ಹೆದರದ ಮನುಷ್ಯ.

ಕಷ್ಟ ಮುಚ್ಚಿಡುವುದಿಲ್ಲ. ಸಾಫ್ಟ್‌ವೇರಿನ ಗೆಳೆಯರ ಸಂಬಳ ನನಗಿಲ್ಲ. ಅಮ್ಮನ ಮೊಣಕಾಲು ನೋವನ್ನು ಫೋನಿನಲ್ಲೇ ಕೇಳಬೇಕು. ಒಂದು ಸಂಬಂಧ ಸಂಬಳ ಕೇಳಿಯೇ ಮುರಿದುಬಿತ್ತು. ಆದರೆ ಬೆಂಗಳೂರಿನಲ್ಲಿರುವ ಹುಡುಗರು ಮಾತ್ರ ದಿನಾ ಅಮ್ಮನ ಕೈಯಡುಗೆ ಉಣ್ಣುತ್ತಿದ್ದಾರೆಯೇ? ಸಾಫ್ಟ್‌ವೇರಿನಲ್ಲಿ ಮನಸ್ಸಿದ್ದವರು ಅದನ್ನೇ ಓದಲಿ, ಬೇಡ ಅಂದವರ್ಯಾರು? ಮನಸ್ಸಿಲ್ಲದವನನ್ನು ಪ್ಯಾಕೇಜಿನ ಆಸೆಗೆ ನೂಕಬೇಡಿ.

ನಿನ್ನೆ ಆ ಹುಡುಗನೇ ಫೋನ್ ಮಾಡಿದ್ದ. "ಭಾವ, ನೀನೂ ಬೇಡ ಅಂತೀಯೇನು?"

"ಇಲ್ಲ. ಆದ್ರೆ ಮೊದ್ಲು ಒಂದ್ಸಲ ಸಂಡೂರಿಗೆ ಹೋಗಿ ಗಣಿ ನೋಡ್ಕೊಂಡು ಬಾ" ಎಂದೆ.

ಸೋದರಮಾವನಿಗೆ ಹೇಳುವುದು ಇಷ್ಟೇ: ನಮ್ಮ ನೆಲ ಎಷ್ಟು ಹೋಯಿತು ಅಂತ ಲೆಕ್ಕ ಹಾಕುವವನು ನಮ್ಮೂರಿನವನೇ ಆಗಿರಲಿ. ಮೊದಲ ವರ್ಷದ ಫೀಸು ನಾನೇ ಕಳಿಸ್ತೀನಿ.