ಹಾಡುವವಳ ಕೈಯಲ್ಲೇ ತಾಳ

ಕೆನಡಾದ ಸೊಪ್ರಾನೊ ಬಾರ್ಬರಾ ಹ್ಯಾನಿಗನ್, ಪುಲಾಂಕ್‌ನ ‘ಲಾ ವ್ವಾ ಯುಮೇನ್’ ಒಪೆರಾವನ್ನು ತಾವೇ ಹಾಡಿ, ತಾವೇ ವಾದ್ಯವೃಂದವನ್ನೂ ನಡೆಸುತ್ತಾರೆ. ಇದು ಬರೀ ಸರ್ಕಸ್ಸು ಎಂದು ಮೂಗು ಮುರಿಯುವವರಿದ್ದಾರೆ. ಸೇಲಂ, ಧರ್ಮಪುರಿ ಕಡೆ ತಮಿಳರ ಬಯಲಾಟವಾದ ತೆರುಕೂತ್ತನ್ನು ರಾತ್ರಿಯಿಡೀ ನೋಡಿದವರು ಹಾಗೆ ಹೇಳಲಾರರು.

ಅಲ್ಲಿ ವೇಷಧಾರಿಯೇ ಹಾಡಬೇಕು, ಕುಣಿಯಬೇಕು, ಮಾತೂ ಅವನದೇ. ಇಬ್ಬರು ಹಿಡಿದ ತೆರೆಯ ಹಿಂದೆ ನಿಂತೇ ಪ್ರವೇಶದ ಹಾಡು ಎತ್ತುತ್ತಾನೆ. ಹಿಮ್ಮೇಳದವರು ಆ ಸಾಲನ್ನು ಹಿಡಿದು ಮತ್ತೆ ಹಾಡುತ್ತಾರೆ. ಮೃದಂಗ, ಮುಖವೀಣೆ, ಹಾರ್ಮೋನಿಯಂ ಅವನ ಉಸಿರು ನೋಡಿಕೊಂಡು ಸಾಗುತ್ತವೆ. ಯಕ್ಷಗಾನದಲ್ಲಂತೂ ಹಾಡುತ್ತ ಆಟ ನಡೆಸುವ ಭಾಗವತರನ್ನೇ ಮೊದಲ ವೇಷ ಎನ್ನುತ್ತಾರೆ. ಕಾಸರಗೋಡಿನ ಮಧೂರಿನಲ್ಲಿ ಹುಟ್ಟಿದ ಲೀಲಾವತಿ ಬೈಪಾಡಿತ್ತಾಯರು ಹಿಮ್ಮೇಳ ಕಲಾವಿದರಾದ ಪತಿ ಹರಿನಾರಾಯಣ ಬೈಪಾಡಿತ್ತಾಯರಿಂದ ಭಾಗವತಿಕೆ ಕಲಿತು, ತಿರುಗಾಟದ ಮೇಳಗಳಲ್ಲಿ ಗಂಡಸರ ನಡುವೆ ಕೂತು ಆಟ ನಡೆಸಿದರು. ಪದ್ಯ ಎತ್ತಿದವರೂ ಅವರೇ, ಚೆಂಡೆ ಏರಬೇಕಾದದ್ದು ಯಾವಾಗ, ವೇಷ ಇನ್ನೊಂದು ಸುತ್ತು ಕುಣಿಯಬೇಕೋ ಬೇಡವೋ ಎಂದು ಜಾಗಟೆಯ ಪೆಟ್ಟಿನಲ್ಲೇ ತಿಳಿಸಿದವರೂ ಅವರೇ. ಅದನ್ನು ಯಾರೂ ಚಮತ್ಕಾರ ಎನ್ನಲಿಲ್ಲ.

ವ್ಯತ್ಯಾಸವೂ ಇದೆ. ಭಾಗವತರು ಪಾತ್ರವಾಗುವುದಿಲ್ಲ, ಹ್ಯಾನಿಗನ್ ಆಗುತ್ತಾರೆ. 1930ರ ಕಾಕ್ತೋ ನಾಟಕವನ್ನು ಆಧರಿಸಿ 1959ರಲ್ಲಿ ಪ್ಯಾರಿಸ್‌ನಲ್ಲಿ ರಂಗಕ್ಕೆ ಬಂದ ಈ ಒಪೆರಾದಲ್ಲಿ ಇರುವುದು ಒಬ್ಬಳೇ ಹೆಂಗಸು. ಬಿಟ್ಟುಹೋದ ಪ್ರಿಯಕರನ ಜೊತೆ ಅವಳ ಕೊನೆಯ ಫೋನ್ ಮಾತುಕತೆ, ಸುಮಾರು ನಲವತ್ತು ನಿಮಿಷ. ಫೋನ್ ಬಡಿದುಕೊಳ್ಳುವುದು ಕ್ಸೈಲೋಫೋನಿನಲ್ಲಿ ಕೇಳುತ್ತದೆ; ಅವನ ದನಿ ನಮಗೆ ಕೇಳುವುದೇ ಇಲ್ಲ. ವಾದ್ಯವಿಲ್ಲದೆ ಅವಳೊಬ್ಬಳೇ ಹಾಡುವ ಕಡೆಗಳಲ್ಲಿ ಲಯ ಪೂರ್ತಿ ಸ್ವತಂತ್ರವಾಗಿರಲಿ, ವಿರಾಮಗಳ ಉದ್ದವನ್ನು ವಾದ್ಯವೃಂದದ ನಿರ್ದೇಶಕರು ಗಾಯಕಿಯ ಜೊತೆ ಮೊದಲೇ ಗೊತ್ತುಮಾಡಿಕೊಳ್ಳಲಿ ಎಂದು ಪುಲಾಂಕ್ ಬರೆದಿಟ್ಟಿದ್ದಾನೆ. ಆ ಇಬ್ಬರೂ ಒಬ್ಬರೇ ಆದಾಗ ಮೌನ ಎಷ್ಟು ಹೊತ್ತು ನಿಲ್ಲಬೇಕೆಂಬುದು ಆ ಗಳಿಗೆಯ ಎದೆಬಡಿತಕ್ಕೆ ಬಿಟ್ಟದ್ದು. ಕೈ ಎತ್ತಿದರೆ ಇಡೀ ವೃಂದ ಅವಳ ಮಾತು ಕೇಳುತ್ತದೆ, ಫೋನಿನಾಚೆಯ ಒಬ್ಬ ಮಾತ್ರ ಕೇಳುವುದಿಲ್ಲ. ಅವಳ ಸಂಕಟವನ್ನು ಇದಕ್ಕಿಂತ ನೇರವಾಗಿ ತೋರಿಸುವ ರಂಗತಂತ್ರ ಇರಲಾರದು.

ಗಂಭೀರವಾದ ಆಕ್ಷೇಪ ಬೇರೆಯೇ ಇದೆ. ಗಾಯಕಿ ತನ್ನನ್ನು ಮರೆತು ಪಾತ್ರದೊಳಗೆ ಇಳಿಯಬೇಕಾದರೆ ಹೊರಗೆ ಎಚ್ಚರದಿಂದ ಇರುವ ಇನ್ನೊಂದು ಕಿವಿ ಬೇಕು. ಲೆಕ್ಕವನ್ನೂ ಅವಳೇ ಹಿಡಿದರೆ ಅಳು ಅಳತೆಗೆ ಸಿಕ್ಕೀತು ಎಂಬುದು. ಇದು ತಳ್ಳಿಹಾಕುವ ಮಾತಲ್ಲ. ಆದರೆ ತೆರುಕೂತ್ತಿನ ದ್ರೌಪದಿ ತಾಳ ತಪ್ಪದೆಯೇ ಗೋಳಾಡುತ್ತಾಳೆ. ನೋಡುವವರ ಕಣ್ಣು ತುಂಬುವುದು ಅದರಿಂದ ಕಡಿಮೆಯಾಗುವುದಿಲ್ಲ.

ಉಳಿದದ್ದು ಬೆನ್ನಿನ ತೊಡಕು. ಕೂತ್ತಿನ ಹಿಮ್ಮೇಳ ವೇಷಧಾರಿಯ ಹಿಂದೆ ಕೂತು ಕಿವಿಯಿಂದಲೇ ಅವನನ್ನು ಹಿಂಬಾಲಿಸುತ್ತದೆ. ಅವನ ಮುಖ ಸಭೆಯ ಕಡೆಗೇ ಇರುತ್ತದೆ. ದೊಡ್ಡ ವಾದ್ಯವೃಂದಕ್ಕೆ ಕೈ ಕಾಣಲೇಬೇಕು. ಹಾಗಾಗಿ ಹ್ಯಾನಿಗನ್ ಸಭೆಗೆ ಬೆನ್ನು ಹಾಕಿ ನಿಲ್ಲುತ್ತಾರೆ. ಎದುರಿನ ಕ್ಯಾಮೆರಾಗಳು ಅವರ ಮುಖವನ್ನು ವೃಂದದ ಮೇಲಿನ ಪರದೆಗೆ ತರುತ್ತವೆ.