ಪ್ರವಾಸಕ್ಕೆ ಹಣ ಹುಟ್ಟುತ್ತದೆ, ಪಾಠಕ್ಕೆ ಯಾಕೆ ಹುಟ್ಟುವುದಿಲ್ಲ?

ಮಳೆಗಾಲ ಮುಗಿದು ನವೆಂಬರ್ ಬಂತೆಂದರೆ ಶಾಲೆಗಳಲ್ಲಿ ಪ್ರವಾಸದ ಮಾತು, ಚರ್ಚ್ ವಠಾರಗಳಲ್ಲಿ ಸಹಾಯಾರ್ಥ ಕಾರ್ಯಕ್ರಮಗಳ ಮಾತು ಒಟ್ಟಿಗೇ ಆರಂಭವಾಗುತ್ತದೆ. ಹೌಸಿ-ಹೌಸಿ, ಲಕ್ಕಿ ಡಿಪ್, ಏಲಂ, ಬೆನಿಫಿಟ್ ನಾಟಕ, ಹೀಗೆ ಹಣ ಕೂಡಿಸುವ ವಿದ್ಯೆಯನ್ನು ಕರಾವಳಿಯವರಿಗೆ ಯಾರೂ ಕಲಿಸಬೇಕಾಗಿಲ್ಲ. "ಬಡ ಮಕ್ಕಳನ್ನು ಒಂದು ದಿನ ಪ್ರವಾಸಕ್ಕೆ ಕರೆದುಕೊಂಡು ಹೋಗುತ್ತೇವೆ" ಎಂದರೆ ಸಂತೋಷದಿಂದ ಕೊಡುವವರು ಹಲವರಿದ್ದಾರೆ. "ಅದೇ ಮಕ್ಕಳಿಗೆ ಸಂಜೆ ಪಾಠ ಹೇಳುವ ಹುಡುಗಿಗೆ ವರ್ಷವಿಡೀ ಗೌರವಧನ ಕೊಡಬೇಕು" ಎಂದರೆ ಮಾತ್ರ ಸಭೆ ಮೌನವಾಗುತ್ತದೆ. ಪ್ರವಾಸದ ಫೋಟೊ ಮರುದಿನವೇ ಬರುತ್ತದೆ. ಪಾಠದ ಫಲ ಬರಲು ಮೂರು ವರ್ಷ ಬೇಕು. ಕಾರಣ ಅಷ್ಟೇ. ಆದರೆ ಇದರ ಪರಿಣಾಮ ಅನುಭವಿಸುವವರು ಮಕ್ಕಳು. ಬಳ್ಳಾರಿ ಸೀಮೆಯ ಕುರೆಕುಪ್ಪದಂಥ ಊರನ್ನು ಮುಂದಿಟ್ಟುಕೊಂಡು ಈ ವಿಷಯವನ್ನು ಸ್ವಲ್ಪ ವಿವರವಾಗಿ ನೋಡೋಣ.

ಕುರೆಕುಪ್ಪ ಸಂಡೂರು ತಾಲ್ಲೂಕಿನಲ್ಲಿದೆ. ತೋರಣಗಲ್ಲಿನ ಉಕ್ಕು ಕಾರ್ಖಾನೆಯ ಮಗ್ಗುಲಿನ ಊರು. 1994ರಲ್ಲಿ ಜಿಂದಾಲ್ ವಿಜಯನಗರ ಸ್ಟೀಲ್ ಕಂಪೆನಿ ಸ್ಥಾಪನೆಯಾದ ನಂತರ ಈ ಭಾಗದ ಹಳ್ಳಿಗಳ ಚಹರೆಯೇ ಬದಲಾಯಿತು. ಕುರೆಕುಪ್ಪ ಇಂದು ಪುರಸಭೆ. ಕೆಲಸ ಹುಡುಕಿಕೊಂಡು ಹೊರ ಜಿಲ್ಲೆ, ಹೊರ ರಾಜ್ಯಗಳಿಂದ ಬಂದ ಕುಟುಂಬಗಳು ಈ ಸೀಮೆಯಲ್ಲಿ ನೆಲೆಸಿವೆ. ಅಪ್ಪ ಗುತ್ತಿಗೆ ಕೆಲಸಕ್ಕೆ, ಅಮ್ಮ ಮನೆಗೆಲಸಕ್ಕೋ ಕಟ್ಟಡದ ಕೆಲಸಕ್ಕೋ ಹೋದರೆ ಶಾಲೆ ಬಿಟ್ಟ ಮೇಲೆ ಮಗುವಿನ ಪುಸ್ತಕ ತೆರೆದು ನೋಡುವವರು ಯಾರು? ಮನೆಯ ಮಾತು ತೆಲುಗೋ ಹಿಂದಿಯೋ ಆಗಿದ್ದು ಶಾಲೆಯ ಮಾತು ಕನ್ನಡವಾದರೆ ಕಷ್ಟ ಎರಡರಷ್ಟು.

ಅಷ್ಟು ದೂರದ ಊರಿನ ಚಿಂತೆ ನಮಗೇಕೆ ಎಂದು ಕೇಳುವವರು ಇರಬಹುದು. ಹೆದ್ದಾರಿಯಲ್ಲಿ ಸಾಲುಗಟ್ಟಿ ಬರುತ್ತಿದ್ದ ಅದಿರು ಲಾರಿಗಳನ್ನು ನಾವು ಮರೆತಿಲ್ಲ. ಆ ಕೆಂಪು ಮಣ್ಣು ಹಡಗು ಹತ್ತಿದ್ದು ಮಂಗಳೂರು, ಬೇಲೆಕೇರಿಯಂಥ ನಮ್ಮ ಕರಾವಳಿಯ ಬಂದರುಗಳಲ್ಲಿ. ಗಣಿ ಭರಾಟೆಯ ಕಾಲದಲ್ಲಿ, 2005ರಲ್ಲಿ, ಬಳ್ಳಾರಿ ಜಿಲ್ಲೆಯ ಕಬ್ಬಿಣದ ಅದಿರು ಮತ್ತು ಗ್ರಾನೈಟ್ ಗಣಿಗಳಿಗೆ ಹೋದ ಸತ್ಯಶೋಧನಾ ತಂಡವೊಂದು ಅಲ್ಲಿ ದುಡಿಯುವ ಮಕ್ಕಳ ಬಗ್ಗೆ ವರದಿ ಪ್ರಕಟಿಸಿತ್ತು. 2011ರ ಜುಲೈಯಲ್ಲಿ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರ ವರದಿ ಬಂತು. ಅದೇ ತಿಂಗಳು ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸಿತು. 2013ರ ತೀರ್ಪಿನ ನಂತರ ನಿಯಮಗಳಡಿ ಗಣಿಗಳು ಮತ್ತೆ ತೆರೆದುಕೊಂಡವು. ಗಣಿಯಲ್ಲಿ ಕಲ್ಲು ಒಡೆದ ಆ ಮಕ್ಕಳು ಇಂದು ತಂದೆ ತಾಯಂದಿರಾಗುವ ವಯಸ್ಸಿನವರು. ಅವರ ಮಕ್ಕಳಾದರೂ ಓದು ಮುಗಿಸುವರೇ ಎಂಬುದು ಈಗಿನ ಪ್ರಶ್ನೆ.

ಅಂತರ ಎಷ್ಟಿದೆ ಎಂಬುದನ್ನು ಎಸ್ಸೆಸ್ಸೆಲ್ಸಿ ಫಲಿತಾಂಶ ಪ್ರತಿವರ್ಷ ಹೇಳುತ್ತದೆ. 2024ರಲ್ಲಿ ಉಡುಪಿ ಶೇ. 94, ದಕ್ಷಿಣ ಕನ್ನಡ ಶೇ. 92.12 ಪಡೆದಾಗ ಕೊನೆಯ ಸ್ಥಾನದ ಯಾದಗಿರಿ ಶೇ. 50.59ರಲ್ಲಿತ್ತು. 2025ರ ಮೊದಲ ಪರೀಕ್ಷೆಯಲ್ಲಿ ದಕ್ಷಿಣ ಕನ್ನಡ ಶೇ. 91.12, ಕಲಬುರಗಿ ಶೇ. 42.43. ಬಳ್ಳಾರಿಯೂ ಇದೇ ಕಲ್ಯಾಣ ಕರ್ನಾಟಕಕ್ಕೆ ಸೇರಿದ ಜಿಲ್ಲೆ. ಸಂವಿಧಾನದ 371(ಜೆ) ವಿಧಿಯ ವಿಶೇಷ ಸ್ಥಾನಮಾನ ಈ ಭಾಗಕ್ಕೆ 2013ರಲ್ಲಿ ದೊರೆಯಿತು. ಪಟ್ಟಿಯ ಮೇಲಿನ ತುದಿಯಲ್ಲಿರುವ ನಮ್ಮ ಜಿಲ್ಲೆಗಳಲ್ಲಿ ಮಕ್ಕಳು ಹುಟ್ಟಿನಿಂದ ಜಾಣರು, ಅಲ್ಲಿಯವರು ದಡ್ಡರು ಎಂದಲ್ಲ. ನಮ್ಮಲ್ಲಿ ಶಾಲೆಯ ಹೊರಗೂ ಮಗುವಿಗೆ ಆಸರೆಯಿದೆ. ಓದಿದ ಅಕ್ಕ, ಪಕ್ಕದ ಮನೆಯ ಟೀಚರ್, ಧರ್ಮಭಗಿನಿಯರ ಸ್ಟಡಿ ಕ್ಲಾಸ್. ಆ ಆಸರೆಯನ್ನು ಅಲ್ಲಿ ಯಾರಾದರೂ ಕಟ್ಟಿ ಕೊಡಬೇಕಾಗಿದೆ.

ಹಾಗಾದರೆ ಆ ಭಾಗದಲ್ಲಿ ಹಣವಿಲ್ಲವೇ? ಖಂಡಿತ ಇದೆ. 2015ರ ಗಣಿ ಕಾನೂನು ತಿದ್ದುಪಡಿಯ ನಂತರ ಪ್ರತಿ ಗಣಿ ಜಿಲ್ಲೆಯಲ್ಲೂ ಜಿಲ್ಲಾ ಖನಿಜ ಪ್ರತಿಷ್ಠಾನ ಬಂತು. ಹಳೆಯ ಗುತ್ತಿಗೆಗಳವರು ರಾಜಧನದ ಶೇ. 30ರಷ್ಟನ್ನು, ಹರಾಜಿನಲ್ಲಿ ಗಣಿ ಪಡೆದವರು ಶೇ. 10ರಷ್ಟನ್ನು ಅದಕ್ಕೆ ಕೊಡಬೇಕು. ಇದರ ಮುಕ್ಕಾಲಿಗೆ ಹತ್ತಿರದ ಪಾಲು ಕುಡಿಯುವ ನೀರು, ಆರೋಗ್ಯ, ಶಿಕ್ಷಣದಂಥ ಆದ್ಯತೆಗಳಿಗೇ ಹೋಗಬೇಕೆಂಬುದು 2024ರ ಮಾರ್ಗಸೂಚಿ. ಇದಲ್ಲದೆ ಬಳ್ಳಾರಿ, ವಿಜಯನಗರ, ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಗಣಿಬಾಧಿತ ಪ್ರದೇಶಗಳಿಗಾಗಿ ಸುಮಾರು 25 ಸಾವಿರ ಕೋಟಿ ರೂಪಾಯಿಯ ಯೋಜನೆಗೆ 2022ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿಗೆ ನೀಡಿದೆ. ದೊಡ್ಡ ಕಂಪೆನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ. 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ ವ್ಯಯಿಸಬೇಕೆಂಬ ನಿಯಮ 2014ರ ಏಪ್ರಿಲ್‌ನಿಂದ ಇದೆ.

ಹಾಗಿರುವಾಗ ನಾವು ಕೊಡುವ ನೂರಿನ್ನೂರು ರೂಪಾಯಿಗೆ ಏನು ಬೆಲೆ? ನಮ್ಮ ಅಭಿಪ್ರಾಯದಲ್ಲಿ ಬೆಲೆ ಇರುವುದೇ ಅಲ್ಲಿ. ಕೋಟಿಗಟ್ಟಲೆ ಹಣ ಕಟ್ಟಡಕ್ಕೆ, ರಸ್ತೆಗೆ, ಬಸ್ಸಿಗೆ, ಕಂಪ್ಯೂಟರಿಗೆ ಸುಲಭವಾಗಿ ಹರಿಯುತ್ತದೆ. ಅವುಗಳಿಗೆ ಟೆಂಡರ್ ಕರೆಯಬಹುದು, ಉದ್ಘಾಟನೆ ಮಾಡಬಹುದು. ಸಂಜೆ ಐದೂವರೆಯಿಂದ ಏಳೂವರೆವರೆಗೆ ಇಪ್ಪತ್ತು ಮಕ್ಕಳ ಜೊತೆ ಕೂತು ಭಾಗಾಕಾರ ತಿದ್ದುವ ಒಬ್ಬ ಹುಡುಗಿಗೆ ತಿಂಗಳ ಮೊದಲ ವಾರ ತಪ್ಪದೆ ಗೌರವಧನ ಸಲ್ಲಿಸುವುದು ಅಂಥ ನಿಧಿಗಳ ಸ್ವಭಾವಕ್ಕೆ ಒಗ್ಗುವ ಕೆಲಸವಲ್ಲ. ಅದು ಸಣ್ಣ ಹಣದ, ನಿಯತ್ತಿನ ಹಣದ ಕೆಲಸ.

ಇಂಥ ಹುಡುಗಿಯಿಂದ ಪ್ರಯೋಜನವಿದೆಯೇ ಎಂಬುದನ್ನು ಪರೀಕ್ಷಿಸಿ ನೋಡಲಾಗಿದೆ. ಪ್ರಥಮ್ ಸಂಸ್ಥೆ ಮುಂಬಯಿ ಮತ್ತು ವಡೋದರಾದ ಸರಕಾರಿ ಶಾಲೆಗಳಲ್ಲಿ 'ಬಾಲಸಖಿ' ಎಂಬ ಕಾರ್ಯಕ್ರಮ ನಡೆಸಿತ್ತು. ಆಯಾ ಬಡಾವಣೆಯ ಯುವತಿಯರೇ ಅಲ್ಪ ಗೌರವಧನಕ್ಕೆ ಹಿಂದುಳಿದ ಹದಿನೈದಿಪ್ಪತ್ತು ಮಕ್ಕಳನ್ನು ದಿನಕ್ಕೆ ಎರಡು ಗಂಟೆ ಪ್ರತ್ಯೇಕವಾಗಿ ಕೂರಿಸಿ ಓದು, ಲೆಕ್ಕದ ಬುನಾದಿ ಕಲಿಸಿದರು. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ಇದನ್ನು ಅಧ್ಯಯನ ಮಾಡಿ 2007ರಲ್ಲಿ ಪ್ರಕಟಿಸಿದರು. ಕಲಿಕೆ ಸ್ಪಷ್ಟವಾಗಿ ಏರಿತ್ತು, ತೀರಾ ಹಿಂದುಳಿದವರಿಗೇ ಹೆಚ್ಚು ಲಾಭವಾಗಿತ್ತು. ಇವರಿಬ್ಬರೂ 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಹಂಚಿಕೊಂಡವರು. ಇಲ್ಲೊಂದು ಕಾನೂನಿನ ಮಾತೂ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 28ನೇ ಕಲಮಿನ ಪ್ರಕಾರ ಶಾಲಾ ಶಿಕ್ಷಕರು ಖಾಸಗಿ ಟ್ಯೂಷನ್ ಮಾಡುವಂತಿಲ್ಲ. ಆದುದರಿಂದ ಶಾಲೆಯ ಮೇಷ್ಟ್ರನ್ನೇ ಸಂಜೆ ಕರೆಯುವ ಬದಲು ಊರಿನಲ್ಲೇ ಪಿಯುಸಿ, ಪದವಿ ಮುಗಿಸಿದವರನ್ನು ಹುಡುಕುವುದು ಸರಿ. ಅವರಿಗೂ ಒಂದು ದಾರಿಯಾಗುತ್ತದೆ.

ಈಗ ಒಂದು ಅಂದಾಜು ಲೆಕ್ಕ ಹಾಕೋಣ. ನಲವತ್ತು ಮಕ್ಕಳು, ಇಬ್ಬರು ಬೋಧಕಿಯರು. ತಲಾ 8,000 ರೂಪಾಯಿ ಗೌರವಧನ, ಪುಸ್ತಕ, ಕರೆಂಟು ಇತ್ಯಾದಿಗೆ 2,000. ತಿಂಗಳಿಗೆ 18,000, ಹತ್ತು ತಿಂಗಳಿಗೆ 1,80,000. ವರ್ಷಕ್ಕೊಂದು ಪ್ರವಾಸಕ್ಕೆ ನಲವತ್ತು ಮಕ್ಕಳು, ಐವರು ಹಿರಿಯರು, ಒಬ್ಬರಿಗೆ 300 ರೂಪಾಯಿಯಂತೆ 13,500. ಒಟ್ಟು 1,93,500. ಅರುವತ್ತೈದು ಕುಟುಂಬಗಳು ತಿಂಗಳಿಗೆ 250 ರೂಪಾಯಿ ಕೊಟ್ಟರೆ ವರ್ಷಕ್ಕೆ 1,95,000 ಆಗುತ್ತದೆ. ಹನಿಗೂಡಿದರೆ ಹಳ್ಳ ಎಂಬ ಮಾತಿಗೆ ಇದಕ್ಕಿಂತ ಬೇರೆ ಉದಾಹರಣೆ ಬೇಕಿಲ್ಲ. ಗಮನಿಸಿ, ಪ್ರವಾಸದ ಖರ್ಚು ಪಾಠದ ಖರ್ಚಿನ ನೂರಕ್ಕೆ ಏಳೂವರೆ ಮಾತ್ರ. ಆದರೆ ಜನ ಕೊಡುವುದು ಈ ಏಳೂವರೆಗೇ!

ಹಾಗೆಂದು ಪ್ರವಾಸವೇ ಬೇಡ ಎಂದು ನಾವು ಹೇಳುವುದಿಲ್ಲ. ಕಾರ್ಖಾನೆಯ ಧೂಳಿನಲ್ಲಿ ಬೆಳೆಯುವ ಮಗುವಿಗೆ ತನ್ನ ಸೀಮೆಯನ್ನು ನೋಡುವ ಹಕ್ಕಿದೆ. ದೂರದ ಬೆಟ್ಟ ನುಣ್ಣಗೆ ಎಂಬಂತೆ ಪ್ರವಾಸವೆಂದರೆ ಮೈಸೂರು, ಊಟಿ ಎಂದು ಭಾವಿಸುವುದು ಮಾತ್ರ ಬೇಡ. ಕುರೆಕುಪ್ಪದ ಮಕ್ಕಳಿಗೆ ಪಾಠದ ಪುಸ್ತಕ ಮನೆಯ ಸುತ್ತಲೇ ಹರಡಿದೆ. ಬಳ್ಳಾರಿ ರಸ್ತೆಯ ಕುಡುತಿನಿಯಲ್ಲಿ ನಾಲ್ಕು ಸಾವಿರ ವರ್ಷಗಳಿಗೂ ಹಿಂದಿನ ದನಗಾಹಿಗಳು ಸಗಣಿ ಸುಟ್ಟು ಉಂಟಾದ ಬೂದಿದಿಬ್ಬವಿದೆ. ಹಂಪಿ ಬಳಿಯ ನಿಂಬಾಪುರದ ಇಂಥದ್ದೇ ದಿಬ್ಬವನ್ನು ಜನ ವಾಲಿಯ ಚಿತಾಭಸ್ಮ ಎನ್ನುತ್ತಾರೆ. ಕಥೆಗೂ ಚರಿತ್ರೆಗೂ ಇರುವ ಸಂಬಂಧವನ್ನು ಹೇಳಿಕೊಡಲು ಇನ್ನೇನು ಬೇಕು? 1994ರಲ್ಲಿ ಘೋಷಣೆಯಾದ ದರೋಜಿ ಕರಡಿಧಾಮ ಹತ್ತಿರದಲ್ಲೇ ಇದೆ. ಅದೇ ದರೋಜಿಯ ಈರಮ್ಮ ಅಕ್ಷರ ಕಲಿಯದೆಯೇ ಬುರ್ರಕಥೆಗಳನ್ನೆಲ್ಲ ನೆನಪಿನಲ್ಲಿಟ್ಟು ಹಾಡಿದವರು, 2014ರಲ್ಲಿ ತೀರಿಕೊಂಡರು. ತೋರಣಗಲ್ಲಿನಲ್ಲಿ ರೈಲು ಹತ್ತಿದರೆ ಹೊಸಪೇಟೆ. ಅಲ್ಲಿಂದ ಹಂಪಿ, ತುಂಗಭದ್ರಾ ಅಣೆಕಟ್ಟು. ಹಂಪಿಯ ಸ್ಮಾರಕಗಳಲ್ಲಿ 15 ವರ್ಷದೊಳಗಿನ ಮಕ್ಕಳಿಗೆ ಪುರಾತತ್ವ ಇಲಾಖೆಯ ಪ್ರವೇಶ ಶುಲ್ಕವಿಲ್ಲ. 2024ರ ಆಗಸ್ಟ್‌ನಲ್ಲಿ ಅಣೆಕಟ್ಟಿನ 19ನೇ ಗೇಟಿನ ಚೈನು ತುಂಡಾಗಿ ನೀರು ಪೋಲಾದದ್ದು, ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು ಇಳಿಸಿದ್ದು ವಿಜ್ಞಾನದ ತರಗತಿಗೆ ಒಳ್ಳೆಯ ಪಾಠ. ಹೋಗುವ ಮುಂಚಿನ ವಾರ ಆ ಸ್ಥಳದ ಬಗ್ಗೆ ಓದಿಸಿ, ಬಂದ ಮೇಲಿನ ವಾರ ಬರೆಸಿದರೆ ಪ್ರವಾಸವೂ ಪಾಠದ ಭಾಗವೇ ಆಗುತ್ತದೆ.

ಇನ್ನು ಸುರಕ್ಷತೆ. 2024ರ ಡಿಸೆಂಬರ್ 10ರಂದು ಮುರ್ಡೇಶ್ವರದ ಕಡಲಲ್ಲಿ ಕೋಲಾರ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿನ ವಸತಿ ಶಾಲೆಯೊಂದರ ನಾಲ್ವರು ವಿದ್ಯಾರ್ಥಿನಿಯರು ಪ್ರಾಣ ಕಳೆದುಕೊಂಡರು. ಬಯಲುಸೀಮೆಯ ಮಕ್ಕಳಿಗೆ ಅಲೆ ಎಂದರೆ ಆಟ. ಅದು ಕಾಲಡಿಯ ಮರಳನ್ನು ಎಳೆಯುವ ಪರಿ ಅವರಿಗೆ ಗೊತ್ತಿಲ್ಲ. ಅವರನ್ನು ಕಡಲು ನೋಡಲು ಆಹ್ವಾನಿಸುವ ಧರ್ಮಕೇಂದ್ರಗಳು ಊಟ, ವಸತಿಗಿಂತ ಮೊದಲು ಕಡಲು ಬಲ್ಲ ನಾಲ್ಕು ಮಂದಿ ಮೀನುಗಾರ ಬಾಂಧವರನ್ನು ಜೊತೆಗೆ ನಿಲ್ಲಿಸಬೇಕು. ಹೊಳೆಯೂ ಕಡಿಮೆ ಅಪಾಯಕಾರಿಯಲ್ಲ. 2025ರ ಫೆಬ್ರವರಿಯಲ್ಲಿ ಆನೆಗೊಂದಿ ಬಳಿಯ ಸಾಣಾಪುರದಲ್ಲಿ ತುಂಗಭದ್ರೆಗೆ ಜಿಗಿದ ಹೈದರಾಬಾದಿನ ಯುವ ವೈದ್ಯೆಯೊಬ್ಬರು ನೀರುಪಾಲಾದರು. ಎಂಟು ಮಕ್ಕಳಿಗೊಬ್ಬ ಹಿರಿಯರು, ಹೆಣ್ಣುಮಕ್ಕಳಿದ್ದಲ್ಲಿ ಮಹಿಳೆಯರು, ಹೆತ್ತವರ ಲಿಖಿತ ಒಪ್ಪಿಗೆ, ಕತ್ತಲಾಗುವ ಮುಂಚೆ ಮನೆ. ಇಷ್ಟಿಲ್ಲದಿದ್ದರೆ ಪ್ರವಾಸ ಬೇಡ.

ಹಣ ಕೂಡಿಸುವ ವಿಧಾನದ ಬಗ್ಗೆಯೂ ನಾಲ್ಕು ಮಾತು. ಇತ್ತೀಚೆಗೆ ಸಹಾಯಾರ್ಥ ಚಾರಣಗಳು ಜನಪ್ರಿಯವಾಗಿವೆ. ನಮ್ಮ ಯುವಜನರು ಮಳೆಗಾಲದ ಹಸಿರು ನೋಡಲು ಸಂಡೂರಿನ ಬೆಟ್ಟಗಳಿಗೆ ಹೋಗುವುದಾದರೆ ಸಂತೋಷ. ಆದರೆ ಬಸ್ಸು, ಲಾಡ್ಜು, ಟಿ-ಶರ್ಟಿಗೆ ಎಷ್ಟಾಯಿತು, ಮಕ್ಕಳಿಗೆ ಎಷ್ಟು ತಲುಪಿತು ಎಂಬ ಲೆಕ್ಕ ನೋಟಿಸ್ ಬೋರ್ಡಿನಲ್ಲಿ ಬರಬೇಕು. ತಮ್ಮ ಖರ್ಚನ್ನು ಚಾರಣಿಗರೇ ಭರಿಸಿ, ದಾನಿಗಳು ಕೊಟ್ಟದ್ದು ಪೂರ್ತಿಯಾಗಿ ಪಾಠಕ್ಕೆ ಹೋಗುವಂತಿರಬೇಕು. ಮಕ್ಕಳ ಮುಖ ತೋರಿಸಿ, ಅವರ ಮನೆಯ ಬಡತನ ವರ್ಣಿಸಿ ಹಣ ಕೇಳುವುದನ್ನು ಬಿಡೋಣ. ನಾಳೆ ಆ ಮಗು ದೊಡ್ಡದಾಗಿ ತನ್ನ ಚಿತ್ರವನ್ನು ತಾನೇ ನೋಡುವ ಕಾಲ ಬರುತ್ತದೆ. ಆದಾಯ ತೆರಿಗೆಯಲ್ಲಿ 80ಜಿ ಎಂದೇ ರೂಢಿಯಾಗಿರುವ ವಿನಾಯಿತಿಗೆ 2,000 ರೂಪಾಯಿಗಿಂತ ಹೆಚ್ಚಿನ ನಗದು ದಾನ ಸಲ್ಲದು. ದೊಡ್ಡ ಮೊತ್ತ ಬ್ಯಾಂಕಿನ ಮೂಲಕವೇ ಇರಲಿ. ಕೊಲ್ಲಿ ರಾಷ್ಟ್ರಗಳಲ್ಲಿರುವ ನಮ್ಮವರು ಭಾರತದ ಪೌರರಾಗಿದ್ದು ತಮ್ಮ ದುಡಿಮೆಯ ಹಣವನ್ನು ಬ್ಯಾಂಕಿನ ಮೂಲಕ ಕಳುಹಿಸಿದರೆ ಅದು ವಿದೇಶಿ ದೇಣಿಗೆ ಎನಿಸುವುದಿಲ್ಲ. ಬೇರೆ ದೇಶದ ಪೌರತ್ವ ಪಡೆದವರು ಕೊಟ್ಟರೆ ವಿದೇಶಿ ದೇಣಿಗೆ ಕಾಯ್ದೆ ಅನ್ವಯಿಸುತ್ತದೆ. 2020ರ ತಿದ್ದುಪಡಿಯ ನಂತರ ಅಂಥ ಹಣವನ್ನು ಒಂದು ಸಂಸ್ಥೆ ಇನ್ನೊಂದು ಸಂಸ್ಥೆಗೆ ವರ್ಗಾಯಿಸುವಂತಿಲ್ಲ. ಆಡಳಿತ ವೆಚ್ಚಕ್ಕೂ ಶೇ. 20ರ ಮಿತಿಯಿದೆ. ಒಳ್ಳೆಯ ಉದ್ದೇಶವೊಂದೇ ಇಲ್ಲಿ ಸಾಲದು, ಕಾಗದಪತ್ರವೂ ಸರಿಯಿರಬೇಕು.

ಪ್ರವಾಸಕ್ಕೆ ಕೊಡುವವರ ಉತ್ಸಾಹವನ್ನು ನಾವು ತಣ್ಣಗಾಗಿಸಬಾರದು, ಅದನ್ನು ಪಾಠದ ಕಡೆಗೆ ತಿರುಗಿಸಬೇಕು. ಇದಕ್ಕೆ ನಮ್ಮದೊಂದು ಸರಳ ಸಲಹೆ. ಸಂಜೆ ಪಾಠದ ಹತ್ತು ತಿಂಗಳ ಹಣ ಖಾತೆಗೆ ಬಂದು ಸೇರುವವರೆಗೆ ಪ್ರವಾಸದ ದಿನ ನಿಗದಿ ಮಾಡುವುದು ಬೇಡ. "ಮಕ್ಕಳು ಹಂಪಿಗೆ ಹೋಗುವುದು ಯಾವಾಗ?" ಎಂದು ದಾನಿಗಳು ಕೇಳಲಿ. "ಇನ್ನು ಎಂಟು ಕುಟುಂಬಗಳು ಸೇರಿದ ಕೂಡಲೇ" ಎಂದು ಉತ್ತರಿಸುವಂತಾಗಲಿ. ಮುಂದಿನ ಪಾಲನಾ ಮಂಡಳಿಯ ಸಭೆಯಲ್ಲಿ, ವಾಳೆಯ ಗುರಿಕಾರರ ಸಭೆಯಲ್ಲಿ ಸಹಾಯಾರ್ಥ ಕಾರ್ಯಕ್ರಮದ ವಿಷಯ ಬಂದಾಗ ಈ ಲೆಕ್ಕವನ್ನೂ ಒಮ್ಮೆ ಮುಂದಿಡಿ. ಅರುವತ್ತೈದು ಕುಟುಂಬಗಳಿಲ್ಲದ ಧರ್ಮಕೇಂದ್ರ ನಮ್ಮ ಕರಾವಳಿಯಲ್ಲಿ ಅಪರೂಪ.