ಉದ್ರಿಗೆ ಊರ ಅಂಗಡಿ, ರೊಕ್ಕಕ್ಕೆ ಸಿಂಧನೂರು



ಕಳೆದ ತಿಂಗಳ ನಮ್ಮ ಗೋಡೆ ಪತ್ರಿಕೆಯಲ್ಲಿ ‘ನನ್ನ ಮೆಚ್ಚಿನ ದಿನ’ ಎಂಬ ವಿಷಯಕ್ಕೆ ಎಲ್ಲರೂ ಜಾತ್ರೆ, ಯುಗಾದಿ, ಹಂಪಿ ಪ್ರವಾಸ ಅಂತ ಬರೆದಿದ್ದರು. ನನಗೆ ಮಾತ್ರ ಅವ್ವನ ಜೋಡಿ ಸಿಂಧನೂರಿಗೆ ಹೋಗುವ ದಿನವೇ ಇಷ್ಟ. ಆದರೆ ಆ ದಿನದಲ್ಲಿ ನಮ್ಮ ಕಡೆಯಿಂದ ಒಂದು ತಪ್ಪೂ ಆಗ್ತೈತಿ ಎಂದು ನನಗೆ ಈಚೆಗೆ ಅನಿಸಿದೆ. ಎರಡನ್ನೂ ಬರೆಯುತ್ತೇನೆ.

ನಮ್ಮ ಬಳಗವೆಲ್ಲ ಒಂದೇ ರಸ್ತೆಯ ಮೇಲಿದೆ. ಅವ್ವನ ತವರು ಸಿಂಧನೂರು. ಅಪ್ಪನ ಅಕ್ಕನನ್ನು ಕೊಟ್ಟದ್ದು ಲಿಂಗಸುಗೂರಿಗೆ. ನಡುವೆ ಮಸ್ಕಿ, ಅದರ ಸಮೀಪ ನಾವು. ಮೊದಲು ಅವ್ವ ತವರಿಗೆ ಹೋಗಬೇಕೆಂದರೆ ಹಬ್ಬ ಬರಬೇಕಿತ್ತು, ಇಲ್ಲವೇ ಯಾರಿಗಾದರೂ ಆರಾಮಿಲ್ಲ ಎಂಬ ಸುದ್ದಿ ಬರಬೇಕಿತ್ತು. ಬಸ್ಸಿನ ರೊಕ್ಕ ಅಪ್ಪನ ಹತ್ತಿರ ಕೇಳಬೇಕಿತ್ತು. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಆಧಾರ್ ಕಾರ್ಡ್ ತೋರಿಸಿದರೆ ಸಾಕು. ಈಗ ಅವ್ವ ಬೇಸರವಾದರೂ ಹೋಗ್ತಾಳ, ಖುಷಿಯಾದರೂ ಹೋಗ್ತಾಳ.

ಅಲ್ಲಿ ಅಜ್ಜಿಯನ್ನು ಮಾತಾಡಿಸಿ, ಅವ್ವ ಮತ್ತು ಚಿಗವ್ವ ಬಜಾರಕ್ಕೆ ಹೊರಡುತ್ತಾರೆ. ನಾನು ಚೀಲ ಹಿಡಿದು ಹಿಂದೆ. ಒಂದು ಸಲ ಎರಡು ತಾಸು ತಿರುಗಿ ಕೊಂಡದ್ದು ಒಂದು ಡಜನ್ ಬಳೆ, ಒಂದು ಜರಡಿ ಅಷ್ಟೇ! ಜರಡಿಗೆ ಐದು ರೂಪಾಯಿ ಕಡಿಮೆ ಮಾಡಿಸಲು ಇಬ್ಬರೂ ಸೇರಿ ಜಗಳಾಡಿದರು, ಆಮೇಲೆ ಮೂವರೂ ಕುಂತು ಮಂಡಾಳು ಒಗ್ಗರಣಿ, ಮಿರ್ಚಿ ತಿಂದು ಅದಕ್ಕಿಂತ ಹೆಚ್ಚು ಖರ್ಚು ಮಾಡಿದೆವು. ಮನೆಯಲ್ಲಿ ಅವ್ವ ಅಷ್ಟು ನಕ್ಕದ್ದನ್ನು ನಾನು ನೋಡಿಲ್ಲ.

ಲಿಂಗಸುಗೂರಿನ ಕತೆ ಬೇರೆ. ಮಸ್ಕಿ ಮೊದಲು ಆ ತಾಲೂಕಿನಲ್ಲಿತ್ತು. ಪಹಣಿ, ಸರ್ಟಿಫಿಕೇಟು ಅಂತ ಅಪ್ಪ ಲಿಂಗಸುಗೂರಿಗೆ ಹೋದಾಗಲೆಲ್ಲ ಅತ್ತಿಯ ಮನೆಯಲ್ಲೇ ಊಟ. 2017ರ ಬಜೆಟ್ಟಿನಲ್ಲಿ ಮಸ್ಕಿಯನ್ನು ಹೊಸ ತಾಲೂಕು ಎಂದು ಘೋಷಿಸಿದರು. ಈಗ ಕಚೇರಿ ನಮ್ಮ ಹತ್ತಿರವೇ ಇದೆ. ಒಳ್ಳೆಯದೇ ಆಯಿತು. ಆದರೆ ಅತ್ತಿ ಫೋನಿನಲ್ಲಿ, “ತಾಲೂಕು ನಿಮ್ಮ ಕಡಿಗೆ ಬಂತು, ತಮ್ಮ ನನ್ನ ಮನಿ ದಾರಿ ಮರೆತ” ಅಂತಾಳ. ಗಂಡಸರಿಗೆ ಬಸ್ಸು ಪುಕ್ಕಟೆ ಇಲ್ಲವಲ್ಲ!

ಇನ್ನು ತಪ್ಪಿನ ಮಾತು. ನಮ್ಮೂರಲ್ಲಿ ಇರುವುದು ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತ. ಆಗಸ್ಟಿನಲ್ಲಿ ನಾಟಿ ಮಾಡಿದರೆ ಕೈಗೆ ರೊಕ್ಕ ಬರುವುದು ಕೊಯ್ಲಾದ ಮೇಲೆ, ಡಿಸೆಂಬರ್ ಹೊತ್ತಿಗೆ. ಅಲ್ಲಿಯವರೆಗೆ ಎಣ್ಣೆ, ಬೆಲ್ಲ, ಚಾಪುಡಿ, ಸಾಬೂನು ಎಲ್ಲ ಅಂಗಡಿ ತಾತನ ಹತ್ತಿರ ಉದ್ರಿ. 2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನ 19ನೇ ಗೇಟು ಕೊಚ್ಚಿ ಹೋದಾಗ ಊರೇ ಗಾಬರಿಯಾಗಿತ್ತು. ನೀರಿಲ್ಲದಿದ್ದರೆ ಬೆಳೆ ಇಲ್ಲ, ಬೆಳೆ ಇಲ್ಲದಿದ್ದರೆ ಸಾಲ ತೀರುವುದಿಲ್ಲ. ಮರುದಿನ ಅವ್ವ ನನ್ನನ್ನು ಎಣ್ಣೆಗೆ ಕಳಿಸಿದಳು. ತಾತ ಕೊಡುವುದಿಲ್ಲ ಎಂದು ಹೆದರಿಕೊಂಡು ನಿಂತಿದ್ದೆ. “ಯಾಕವ್ವಾ, ಬಾಟ್ಲಿ ಕೊಡು” ಅಂದರು. ಎಣ್ಣೆ ಹಾಕಿ ಪುಸ್ತಕದಲ್ಲಿ ಬರೆದುಕೊಂಡರು.

ಬೆಳೆ ಬಂತು. ಅಪ್ಪ ತಾತನ ಬಾಕಿ ತೀರಿಸಿದ. ಅದೇ ವಾರ ನಾವು ಸಿಂಧನೂರಿನ ದೊಡ್ಡ ಅಂಗಡಿಯಿಂದ ಮೂರು ತಿಂಗಳ ಕಿರಾಣಿ ತಂದೆವು. ಬಸ್ಸಿನಿಂದ ಇಳಿದು ಬರುವಾಗ ತಾತನ ಅಂಗಡಿ ಮುಂದೆ ಅವ್ವ ಚೀಲಕ್ಕೆ ಸೆರಗು ಮುಚ್ಚಿದಳು. ಎಣ್ಣೆ ಕ್ಯಾನು ನನ್ನ ಕೈಯಲ್ಲಿತ್ತು, ಅದನ್ನು ಎಲ್ಲಿ ಮುಚ್ಚಲಿ? ತಾತ ನೋಡಿದರು. ಏನೂ ಅನ್ನಲಿಲ್ಲ.

ಅವ್ವನನ್ನು ಕೇಳಿದರೆ, “ಅಲ್ಲಿ ಅಗ್ಗ ಐತಿ, ರೊಕ್ಕ ಏನ್ ಗಿಡದಾಗ ಬೆಳಿತೈತಾ?” ಅಂದಳು. ಅಗ್ಗ ಇರುವುದು ನಿಜ. ತಾತನೂ ಅದೇ ಸಿಂಧನೂರಿನಿಂದ ಮಾಲು ತರಬೇಕು, ಟಂಟಂ ಬಾಡಿಗೆ ಕೊಡಬೇಕು. ತಾತನ ಅಂಗಡಿಯಲ್ಲಿ ಕೊರತೆ ಇಲ್ಲ ಅಂತಲೂ ನಾನು ಹೇಳುವುದಿಲ್ಲ. ತಾರೀಕು ಮುಗಿದ ಬಿಸ್ಕೀಟು ನನಗೇ ಎರಡು ಸಲ ಬಂದಿದೆ, ಬದಲಿ ಮಾಡಿಸಿಕೊಂಡಿದ್ದೇನೆ. ಆದರೆ ಎಲ್ಲರೂ ಉದ್ರಿಗೆ ಮಾತ್ರ ಬಂದು, ರೊಕ್ಕ ಇದ್ದಾಗ ಬಸ್ಸು ಹತ್ತಿದರೆ ತಾತ ಮಾಲು ತರುವುದು ಯಾವುದರಿಂದ? ನಾಳೆ ಅಂಗಡಿ ಮುಚ್ಚಿದರೆ ಆಗಸ್ಟಿನಲ್ಲಿ ಸಿಂಧನೂರಿನವರು ನಮ್ಮ ಮುಖ ನೋಡಿ ಎಣ್ಣೆ ಕೊಡ್ತಾರಾ? ಫೋನಿನಲ್ಲಿ ತರಿಸುವ ಕಂಪನಿ ಕೊಡ್ತೈತಾ?

ಬಳೆ, ಕುಪ್ಪಸದ ಬಟ್ಟೆ, ಜರಡಿ ಇವು ತಾತನಲ್ಲಿ ಸಿಗುವುದಿಲ್ಲ. ಅವಕ್ಕೆ ಚಿಗವ್ವನ ಜೋಡಿ ಸಿಂಧನೂರೇ ಸರಿ. ಬೆಲ್ಲ, ಎಣ್ಣೆ ಮಾತ್ರ ರೊಕ್ಕ ಇದ್ದಾಗಲೂ ಊರಲ್ಲೇ ಕೊಳ್ಳಬೇಕು ಎಂಬುದು ನನ್ನ ವಾದ. ಮನೆಯಲ್ಲಿ ಇದಕ್ಕೆ ಅರ್ಧ ಒಪ್ಪಿಗೆ ಸಿಕ್ಕಿದೆ.

ಹೋದ ಅಮಾಸಿಗೆ ಅವ್ವ ಚೀಟಿಯ ಜೊತೆ 500ರ ನೋಟು ಕೊಟ್ಟಳು. ತಾತ ರೂಢಿಯಂತೆ ಉದ್ರಿ ಪುಸ್ತಕ ತೆಗೆದರು. ನಾನು ನೋಟು ಇಟ್ಟೆ. ಅವರ ಹತ್ತಿರ ಚಿಲ್ಲರೆ ಇರಲಿಲ್ಲ. ನಮ್ಮ ಪುಟದಲ್ಲೇ, ‘ಇವರಿಗೆ ಕೊಡಬೇಕಾದದ್ದು 38 ರೂ.’ ಎಂದು ಬರೆದರು.

– ಒಂಬತ್ತನೇ ತರಗತಿ ವಿದ್ಯಾರ್ಥಿನಿ